ಅಪ್ಪನ ಕುರ್ಚಿಯ ಕಣ್ಣುಗಳು

ಹೋದ ತಿಂಗಳು ಅಣ್ಣನ ಮಗಳು ಬೆಂಗಳೂರಿನಿಂದ ಬಂದಿದ್ದಳು. ನಾನು ವರಾಂಡದಲ್ಲಿ ಚಾಪೆ ಹಾಕಿಕೊಂಡು ಅಪ್ಪನ ಹಳೇ ಕುರ್ಚಿಗೆ ಬೆತ್ತ ಹೆಣೆಯುತ್ತಾ ಕೂತಿದ್ದೆ. ಬೆಳಗಿನ ಎಳೆ ಬಿಸಿಲು ಬಿದ್ದಿತ್ತು. ಪಕ್ಕದಲ್ಲಿ ಸ್ಟೀಲ್ ಲೋಟದಲ್ಲಿ ಕಾಫಿ. ನೋಡುವವರಿಗೆ ಚೆನ್ನಾಗಿಯೇ ಕಂಡಿರಬೇಕು. ಅವಳು ಒಂದು ಫೋಟೋ ತೆಗೆದು, "ನಮ್ಮತ್ತೆಯ ನಿಧಾನದ ಬದುಕು" ಎಂದು ಬರೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದಳು. ಸಂಜೆಯೊಳಗೆ ನೆಂಟರಿಷ್ಟರಿಂದೆಲ್ಲ ಮೆಸೇಜು. "ಎಷ್ಟು ನೆಮ್ಮದಿ ಅಲ್ವಾ", "ನೋಡಿದ್ರೆ ಹೊಟ್ಟೆಕಿಚ್ಚಾಗುತ್ತೆ", "ರಿಟೈರ್ ಆದ್ಮೇಲೆ ನಾನೂ ಹೀಗೇ ಇರ್ತೀನಿ". ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನನಗೆ ನೆಮ್ಮದಿ ಇರಲಿಲ್ಲ. ಸೊಂಟ ಹಿಡಿದುಕೊಂಡಿತ್ತು. ಬೆತ್ತದ ಅಂಚು ಕುಯ್ದು ಎಡಗೈ ಹೆಬ್ಬೆರಳಿಗೆ ಪಟ್ಟಿ ಸುತ್ತಿದ್ದೆ, ಅದು ಫೋಟೋದಲ್ಲಿ ಬಂದಿರಲಿಲ್ಲ. ಕಾಫಿ ಆರಿ ಅರ್ಧ ಗಂಟೆಯಾಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ನಾನು ನಿಧಾನವಾಗಿ ಕೆಲಸ ಮಾಡಬೇಕೆಂದು ಕೂತಿರಲೇ ಇಲ್ಲ. ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ ಮಾಡುತ್ತಿದ್ದೆ. ಬೇಗ ಮಾಡಲು ಬರದೆ ನಿಧಾನವಾಗುತ್ತಿತ್ತು, ಅಷ್ಟೆ.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ನನಗೆ ಮಾತ್ರ ತಿಂಗಳಿಂದ ಕೊರೆಯುತ್ತಿದೆ.

ಬೆತ್ತ ಕಾಯುವುದಿಲ್ಲ

ಕುರ್ಚಿ ತೇಗದ್ದು. ಅಪ್ಪ ಮಂಡ್ಯದಲ್ಲಿ ಗುಮಾಸ್ತರಾಗಿದ್ದಾಗ ಕಚೇರಿಯ ಹಳೇ ಸಾಮಾನು ಹರಾಜಿಗೆ ಬಂದಿತ್ತಂತೆ. ಅಲ್ಲಿ ತೆಗೆದುಕೊಂಡಿದ್ದು. ಹಿಂದಿನ ಕಾಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು ಇವತ್ತಿಗೂ ಇದೆ. ಸಂಜೆ ಅಂಗಿ ಕಳಚಿ ಬನಿಯನ್‌ನಲ್ಲಿ ಅದರಲ್ಲಿ ಕೂತರೆ ರಾತ್ರಿ ಊಟಕ್ಕೇ ಏಳುತ್ತಿದ್ದರು. ನಾವು ಮೈಸೂರಿಗೆ ಮನೆ ಮಾಡಿದಾಗ ಲಾರಿಯಲ್ಲಿ ಎಲ್ಲಕ್ಕಿಂತ ಮೇಲೆ ಕಟ್ಟಿಸಿಕೊಂಡು ಬಂದಿದ್ದು ಇದನ್ನೇ. ಅಪ್ಪ ಹೋಗಿ ನಾಲ್ಕು ವರ್ಷ. ಆಮೇಲೆ ಒಂದು ದಿನ ಕೂರುವ ಜಾಗದ ಬೆತ್ತ ಹರಿಯಿತು. ಅವ್ವ ಅದರ ಮೇಲೆ ಒಂದು ಹಲಗೆ ಇಟ್ಟು, ಹಲಗೆಯ ಮೇಲೆ ಹಳೇ ದಿಂಬು ಇಟ್ಟು, ಒಗೆದ ಬಟ್ಟೆ ಹಾಕುವ ಜಾಗ ಮಾಡಿಕೊಂಡಳು. ಅವಳು ಯಾವುದನ್ನೂ ಎಸೆಯುವವಳಲ್ಲ. ಹಾಗಂತ ಪೂಜೆ ಮಾಡುವವಳೂ ಅಲ್ಲ.

ಬೆತ್ತ ಹಾಕುವವರು ಸಿಗುತ್ತಾರಾ ಎಂದು ವಿಚಾರಿಸುತ್ತಾ ಬಂಬೂ ಬಜಾರ್ ಕಡೆ ಹೋದೆ. ಏಣಿ, ತಟ್ಟಿ, ಬುಟ್ಟಿ, ಮೊರ ಮಾರುವ ಮೇದರ ಬೀದಿ. ಬುಟ್ಟಿ ಹೆಣೆದು ಬದುಕಿದ ಶರಣ ಮೇದಾರ ಕೇತಯ್ಯನ ಕುಲಕಸುಬಿನವರು. ಅಲ್ಲೊಬ್ಬರು ಇನ್ನೊಬ್ಬರನ್ನು ತೋರಿಸಿ, ಅವರು ಮತ್ತೊಬ್ಬರನ್ನು ತೋರಿಸಿ, ಕೊನೆಗೆ ಒಬ್ಬ ವಯಸ್ಸಾದ ಯಜಮಾನರು ಸಿಕ್ಕಿದರು. ತಮ್ಮ ಮನೆಯ ಮುಂದೆ ಗೋಣಿಚೀಲ ಹಾಸಿಕೊಂಡು ಯಾವುದೋ ಕಚೇರಿಯ ಕುರ್ಚಿ ಹೆಣೆಯುತ್ತಿದ್ದರು. ಒಂದು ಕಣ್ಣಿಗೆ ಪೊರೆ. ಕೆಲಸ ಮಾಡುವಾಗ ಕುರ್ಚಿಯ ಕಡೆ ನೋಡುವುದಕ್ಕಿಂತ ರಸ್ತೆಯ ಕಡೆ ನೋಡುವುದೇ ಜಾಸ್ತಿ. ಹೆಬ್ಬೆರಳು ಮಾತ್ರ ಬೆತ್ತದ ಮೇಲೆ ಓಡುತ್ತಲೇ ಇರುತ್ತಿತ್ತು.

"ನೀವು ಹಾಕಿಕೊಡಬೇಡಿ ಯಜಮಾನ್ರೇ, ನಂಗೆ ಹೇಳಿಕೊಡಿ" ಅಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಕಲ್ತು ಏನ್ ಮಾಡ್ತೀರಮ್ಮ?" ಉತ್ತರ ಇರಲಿಲ್ಲ. "ಸುಮ್ನೆ" ಅಂದೆ. ಅವರು ನಕ್ಕರು. ಆದರೂ ಹೇಳಿಕೊಟ್ಟರು.

ಬೆತ್ತದ ಕುರ್ಚಿಯ ಆ ಎಂಟು ಮೂಲೆಯ ಕಣ್ಣುಗಳಿವೆಯಲ್ಲ, ಅವು ಹೇಗಾಗುತ್ತವೆ ಎಂದು ಐವತ್ತು ದಾಟಿದರೂ ನನಗೆ ಗೊತ್ತಿರಲಿಲ್ಲ. ಜೀವಮಾನವಿಡೀ ಅದರ ಮೇಲೆ ಕೂತಿದ್ದೆ. ಬೆತ್ತ ಅಂದರೆ ತಾಳೆ ಜಾತಿಯ ಬಳ್ಳಿ. ಅದರ ಹೊರಸಿಪ್ಪೆಯನ್ನು ಸೀಳಿ ಮಾಡಿದ ಪಟ್ಟಿ ಇದು. ಒಂದು ಕಡೆ ಹೊಳಪು, ಒಂದು ಕಡೆ ಮಂಕು. ಹೊಳಪು ಯಾವಾಗಲೂ ಮೇಲೆ. ಕುರ್ಚಿಯ ಚೌಕಟ್ಟಿನ ಸುತ್ತ ತೂತುಗಳಿರುತ್ತವೆ. ಮೊದಲು ಹಿಂದಿನಿಂದ ಮುಂದಕ್ಕೆ ಒಂದು ವರಸೆ. ಅದರ ಮೇಲೆ ಎಡದಿಂದ ಬಲಕ್ಕೆ ಒಂದು. ಮತ್ತೆ ಹಿಂದೆ ಮುಂದೆ ಇನ್ನೊಂದು. ನಾಲ್ಕನೆಯದು ಅಡ್ಡ ಬರುವಾಗ ನಿಜವಾದ ಹೆಣಿಗೆ ಶುರು, ಒಂದರ ಮೇಲೆ ಒಂದರ ಕೆಳಗೆ. ಆಮೇಲೆ ಓರೆಯಾಗಿ ಒಂದು, ಅದಕ್ಕೆ ಎದುರು ಓರೆಯಲ್ಲಿ ಇನ್ನೊಂದು. ಆರು ವರಸೆ ಮುಗಿದಾಗ ಚೌಕದ ನಾಲ್ಕು ಮೂಲೆ ಮುರಿದು ಎಂಟು ಮೂಲೆಯ ಕಣ್ಣು ತೆರೆಯುತ್ತದೆ. ಕೊನೆಗೆ ಸುತ್ತಲೂ ತೂತು ಮುಚ್ಚುವ ಅಂಚು. ಅಪ್ಪನ ಕುರ್ಚಿ ಮುಂದೆ ಅಗಲ, ಹಿಂದೆ ಕಿರಿದು. ಮುಂದೆ 26 ತೂತು, ಹಿಂದೆ 22. ಹಾಗಾಗಿ ಎರಡೂ ಪಕ್ಕದಲ್ಲಿ ಒಂದೆರಡು ಪಟ್ಟಿ ಹಿಂದಿನವರೆಗೆ ಹೋಗದೆ ನಡುವೆಯೇ ನಿಲ್ಲಬೇಕು. ಎಲ್ಲಿ ನಿಲ್ಲಬೇಕು ಎಂದು ತಿಳಿಯುವುದೇ ಕಷ್ಟ. ಮೊದಲ ವಾರವೆಲ್ಲ ಇದರಲ್ಲೇ ಹೋಯಿತು.

ನಾನು ಮನೆಯಲ್ಲಿ ಶ್ರದ್ಧೆಯಿಂದ, ಒಂದೊಂದು ಎಳೆಯನ್ನೂ ಮೂರು ಸಲ ನೋಡಿ, ನಿಧಾನವಾಗಿ ಮಾಡಿದೆ. ಮಾಡಿದ್ದನ್ನು ಆಟೋದಲ್ಲಿ ಹಾಕಿಕೊಂಡು ಹೋಗಿ ಅವರ ಮುಂದೆ ಇಟ್ಟೆ. ಅವರು ಹೆಬ್ಬೆರಳು ಆಡಿಸಿದರು. "ಇಲ್ಲಿ ಒಣಗಿದೆ, ಇಲ್ಲಿ ಒಣಗಿದೆ, ಇಲ್ಲಿ ಬಿರುಕು" ಅಂದರು. ಬೆತ್ತವನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ ತೆಗೆದರೆ ಅದು ಮೆತ್ತಗಿರುವಷ್ಟು ಹೊತ್ತು ಮಾತ್ರ ಮಾತು ಕೇಳುತ್ತದೆ. ಆಮೇಲೆ ಬಗ್ಗಿಸಿದರೆ ಸೀಳುತ್ತದೆ. ಹಾಗಂತ ನೀರಿನಲ್ಲೇ ಬಿಟ್ಟರೆ ಬಣ್ಣ ಕೆಟ್ಟು ನಾರು ಏಳುತ್ತದೆ. "ನಿಧಾನ ಮಾಡ್ದೆ ಯಜಮಾನ್ರೇ, ತಪ್ಪಾಗಬಾರದು ಅಂತ" ಅಂದೆ. ಅವರು ತಲೆ ಎತ್ತಲಿಲ್ಲ. "ನೀವು ನಿಧಾನ ಮಾಡಿದ್ರೆ ಬೆತ್ತ ಕಾಯುತ್ತಾ ಅಮ್ಮಾ?"

ಅಣ್ಣನ ಮಗಳು ಫೋಟೋ ತೆಗೆಯುವ ಹತ್ತು ದಿನ ಮುಂಚೆ ನಡೆದ ಮಾತು ಇದು. ಅದಕ್ಕೇ ಆ ಸ್ಟೇಟಸ್ ನೋಡಿ ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಗಿದ್ದು.

ಮಾವನ ಆಲೆಮನೆ

ಯಜಮಾನರ ಮಾತು ನನ್ನನ್ನು ಎಲ್ಲಿಗೆ ಎಳೆದುಕೊಂಡು ಹೋಯಿತೆಂದರೆ, ಪಾಂಡವಪುರದ ಕಡೆಯ ನಮ್ಮ ಸೋದರಮಾವನ ಆಲೆಮನೆಗೆ. ನನಗಾಗ ಹತ್ತೋ ಹನ್ನೊಂದೋ. ಆಲೆಮನೆ ಅಂದರೆ ಮಂಡ್ಯದವರಿಗೆ ವಿವರಿಸಬೇಕಿಲ್ಲ. ನಾಲೆ ನೀರು, ಕಬ್ಬಿನ ಗದ್ದೆ, ಗಾಣದ ಸದ್ದು, ಅರ್ಧ ಮೈಲಿಯಿಂದಲೇ ಮೂಗಿಗೆ ಬರುವ ಆ ಸಿಹಿ ಹೊಗೆ. ನಾವು ಮಕ್ಕಳು ಒಲೆಯ ಬೂದಿಯಲ್ಲಿ ಗೆಣಸು ಹುದುಗಿಸಿ ಕಾಯುತ್ತಿದ್ದೆವು. ದೊಡ್ಡವರು ಬೈದರೆ ಓಡುವುದು, ಮತ್ತೆ ಬರುವುದು.

ಬೆಲ್ಲ ಕಾಯಿಸುತ್ತಿದ್ದವರನ್ನು ನಾವು ತಾತ ಅಂತಲೇ ಕರೆಯುತ್ತಿದ್ದೆವು. ಕೊಪ್ಪರಿಗೆಗೆ ರಸ ಬಿದ್ದರೆ ಇಳಿಸುವುದಕ್ಕೆ ಎರಡೂವರೆ ಮೂರು ಗಂಟೆ. ಅದರಲ್ಲಿ ಮೊದಲ ಎರಡು ಗಂಟೆ ತಾತನನ್ನು ನೋಡಿದರೆ ಇಷ್ಟು ಸೋಮಾರಿ ಮನುಷ್ಯ ಭೂಮಿ ಮೇಲೆ ಇಲ್ಲ ಅನ್ನಿಸುತ್ತಿತ್ತು. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ಹಾಕುವುದು. ಬೆಂಡೆ ಗಿಡದ ಲೋಳೆ ಬಿಟ್ಟು, ಮೇಲೆ ಬಂದ ಕೊಳೆಯನ್ನು ಜಾಲರಿ ಸೌಟಿನಲ್ಲಿ ತೆಗೆಯುವುದು. ಬೀಡಿ ಸೇದುವುದು. ನಮಗೆ ದೆವ್ವದ ಕತೆ ಹೇಳುವುದು. ಆಮೇಲೆ ಒಂದು ಹೊತ್ತು ಬರುತ್ತಿತ್ತು. ನೊರೆಯ ಸದ್ದು ಬದಲಾಗುತ್ತಿತ್ತು. ದೊಡ್ಡ ದೊಡ್ಡದಾಗಿ ಒಡೆಯುತ್ತಿದ್ದ ಗುಳ್ಳೆ ಸಣ್ಣಗೆ, ದಪ್ಪಗೆ ಪುಟುಪುಟು ಅನ್ನಲು ಶುರು. ಕತೆ ಅರ್ಧಕ್ಕೇ ನಿಂತುಹೋಗುತ್ತಿತ್ತು. ತಾತ ಎದ್ದು ಸೌಟಿನಲ್ಲಿ ಒಂದು ತೊಟ್ಟು ತೆಗೆದು ತಣ್ಣೀರಿನ ಬಟ್ಟಲಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ, ಬಟ್ಟಲ ಅಂಚಿಗೆ ಹೊಡೆಯುತ್ತಿದ್ದರು. ಮೆತ್ತಗಿದ್ದರೆ ಇಲ್ಲ. ಟಣ್ ಅಂದರೆ ಬಂತು. "ಇಳುಸ್ರೋ!" ಅಂತ ಕೂಗಿದರೆ ಆಮೇಲೆ ಒಂದು ಉಸಿರು ದಂಡ ಮಾಡುವಂತಿಲ್ಲ. ನಾಲ್ಕು ಜನ ಕೊಪ್ಪರಿಗೆಗೆ ಕೈ ಹಾಕಿ ತೊಟ್ಟಿಗೆ ಬಗ್ಗಿಸಿಬಿಡಬೇಕು. ಈಗ ಪುಸ್ತಕದಲ್ಲಿ ಓದಿದರೆ ಬೆಲ್ಲದ ಪಾಕ ಬರುವುದು ಸುಮಾರು 118 ಡಿಗ್ರಿಗೆ ಅಂತಿದೆ. ತಾತನಿಗೆ ಡಿಗ್ರಿ ಗೊತ್ತಿರಲಿಲ್ಲ. ಕೈಗೆ ಗಡಿಯಾರವೂ ಇರಲಿಲ್ಲ.

ಒಂದು ರಾತ್ರಿ ಹೀಗೇ ತಾತ ಕೂಗಿದಾಗ, ಊರಿನಿಂದ ಯಾರೋ ಬೈಕಿನಲ್ಲಿ ಮಾವನನ್ನು ನೋಡಲು ಬಂದಿದ್ದರು. ಮಾವ ಕೊಪ್ಪರಿಗೆಗೆ ಕೈ ಹಾಕಬೇಕಾದ ನಾಲ್ಕು ಜನರಲ್ಲಿ ಒಬ್ಬ. "ಬಂದೆ ಇರಿ, ಒಂದ್ನಿಮ್ಸ" ಅಂದ. ಒಂದೇ ನಿಮಿಷ. ಬಂದು ಇಳಿಸುವ ಹೊತ್ತಿಗೆ ಕೊಪ್ಪರಿಗೆಯಿಂದ ಬಂದ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಸುಟ್ಟ ಸಕ್ಕರೆಯ ಕಹಿ. ಬೆಲ್ಲ ಕಪ್ಪಗೆ ಆಗಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಕಬ್ಬು ಬೆಳೆದ ಹನ್ನೆರಡು ತಿಂಗಳನ್ನು ಆ ಒಂದು ನಿಮಿಷ ತಿಂದುಹಾಕಿತ್ತು. ಪೂರ್ತಿ ಗದ್ದೆಯದ್ದಲ್ಲ, ಆ ಕೊಪ್ಪರಿಗೆಯದ್ದು. ತಾತ ಬೈಯಲಿಲ್ಲ. ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಹಳ ಹೊತ್ತಾದ ಮೇಲೆ, ಮಾವನಿಗಲ್ಲ, ನನಗೆ ಹೇಳಿದರು: "ಅದ ಅನ್ನದು ನಮ್ ಕೈಲಿಲ್ಲ ಕಣವ್ವ. ಅದು ಬಂದಾಗ ನಾವಿರ್ಬೇಕು."

(ಆ ಕಪ್ಪು ಬೆಲ್ಲವನ್ನು ಮಾವ ಕೇಳಿದ ರೇಟಿಗೆ ಕೊಟ್ಟುಬಿಟ್ಟ. ಮಂಡಿಯಲ್ಲಿ ಆಗ ಬೇಕಾಗಿದ್ದು ಬಿಳಿ ಬೆಲ್ಲ. ಬಿಳುಪು ಬರಲಿ ಅಂತ ಆಮೇಲೆ ಹೈಡ್ರೋಸ್ ಎಂಬ ಪುಡಿ ಹಾಕುವುದೂ ಆಲೆಮನೆಗಳಲ್ಲಿ ಮಾಮೂಲಾಯಿತು. ಈಗ ಮೈಸೂರಿನ ಅಂಗಡಿಗಳಲ್ಲಿ ಕಪ್ಪು ಬೆಲ್ಲವೇ ಸಾವಯವ ಎಂದು ಹೆಚ್ಚು ಬೆಲೆಗೆ ಹೋಗುತ್ತದೆ. ಮಾವ ಇದ್ದಿದ್ದರೆ ನಗುತ್ತಿದ್ದ.)

ಹದ ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೋ. ಮುದ್ದೆ ಹದವಾಗಿದೆ, ಮಣ್ಣು ಹದಕ್ಕೆ ಬಂದಿದೆ, ಉಪ್ಪು ಹುಳಿ ಹದವಾಗಿದೆ. ಅದು ನಿಧಾನವೂ ಅಲ್ಲ, ಬೇಗವೂ ಅಲ್ಲ. ರಾಗಿ ಹಿಟ್ಟು ಬೇಯುವಾಗ ಸುಮ್ಮನಿರಬೇಕು, ತಿರುವುವಾಗ ತೋಳಿನ ಬಲವೆಲ್ಲ ಹಾಕಬೇಕು, ಉಂಡೆ ಕಟ್ಟುವಾಗ ಕೈ ಸುಟ್ಟರೂ ಬಿಡದೆ ಚಕಚಕ ಕಟ್ಟಬೇಕು. ನಮ್ಮವ್ವ ಮುದ್ದೆ ಕಟ್ಟುವುದನ್ನು ನೋಡಿ ಯಾರೂ ನಿಧಾನದ ಬದುಕು ಅಂದದ್ದಿಲ್ಲ.

ಯಾರ ನಿಧಾನ?

ಮದುವೆಯಾದ ಹೊಸದರಲ್ಲಿ ನಾವು ಬಾಡಿಗೆಗಿದ್ದ ವಠಾರದಲ್ಲಿ, ಎದುರು ಮನೆಯಾಕೆ ಊದುಬತ್ತಿ ಹೊಸೆಯುತ್ತಿದ್ದರು. ಮಣೆಯ ಮೇಲೆ ಕಪ್ಪು ಹಿಟ್ಟು, ಬಿದಿರ ಕಡ್ಡಿ, ಅಂಗೈಯ ಒಂದೇ ಉಜ್ಜು. ಬತ್ತಿ ಆಯಿತು. ಮೈಸೂರಿನ ಊದುಬತ್ತಿ ಎಂದು ಊರೂರಿಗೆ ಹೆಸರಿದೆಯಲ್ಲ, ಆ ಹೆಸರು ಇಂಥ ಎಷ್ಟೋ ಮನೆಗಳ ನಡುಮನೆಯಲ್ಲಿ ತಯಾರಾಗುತ್ತಿತ್ತು. ಕೂಲಿ ಸಾವಿರ ಬತ್ತಿಗೆ ಇಷ್ಟು ಅಂತ. ಬೀಡಿಯದ್ದೂ ಅದೇ ಲೆಕ್ಕ. ಆಕೆ ನನ್ನ ಜೊತೆ ಮಾತಾಡುತ್ತಾ, ಮಗುವಿಗೆ ಬೈಯುತ್ತಾ, ಸಾರಿನ ಕುದಿಗೆ ಕಿವಿ ಕೊಡುತ್ತಾ ಹೊಸೆಯುತ್ತಿದ್ದರು. ಕೈ ನಿಂತರೆ ದುಡ್ಡು ನಿಂತಿತು. ಅದೂ ಕೈಯಿಂದಲೇ ಮಾಡಿದ್ದು. ಅದರ ಬಗ್ಗೆ ಯಾರೂ ನೆಮ್ಮದಿ ಅಂತ ಮಾತಾಡಲಿಲ್ಲ. ಯಂತ್ರ ಬಂದ ಮೇಲೆ ಆ ಕೆಲಸವೂ ಕಡಿಮೆಯಾಯಿತು. ಹೊಸೆಯುವುದು ತಪ್ಪಿತು ಅಂತ ಆಕೆ ಅತ್ತರೋ, ಸದ್ಯ ಬೆನ್ನು ಉಳಿಯಿತು ಅಂದರೋ, ನಾನು ಕೇಳಲಿಲ್ಲ. ಈಗ ಕೇಳಬೇಕಿತ್ತು ಅನ್ನಿಸುತ್ತದೆ.

ಹಾಗಾಗಿ ಕೈಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು, ಯಂತ್ರದ್ದೆಲ್ಲ ಕೆಟ್ಟದ್ದು ಎಂದು ಹೇಳುವ ಧೈರ್ಯ ನನಗಿಲ್ಲ. ನನ್ನ ಮದುವೆಯ ಮೈಸೂರು ಸಿಲ್ಕ್ ಸೀರೆಯನ್ನು ಬೀರುವಿನಿಂದ ತೆಗೆದು ಮುಟ್ಟಿ ನೋಡುವಾಗ ಅದು ನನಗೆ ಪರಂಪರೆ. ಆದರೆ ಮಾನಂದವಾಡಿ ರಸ್ತೆಯ ಆ ಕಾರ್ಖಾನೆ 1912ರಲ್ಲಿ ಶುರುವಾಗಿದ್ದೇ ಸ್ವಿಟ್ಜರ್ಲೆಂಡಿನಿಂದ ತರಿಸಿದ ಯಂತ್ರದ ಮಗ್ಗಗಳಿಂದ. ಸೀರೆಯೇನು ಅದರಿಂದ ಕಡಿಮೆಯಾಗಲಿಲ್ಲ.

ಬದನವಾಳಿಗೆ ಒಮ್ಮೆ ಹೋಗಿದ್ದೆ. ನಂಜನಗೂಡು ದಾಟಿದರೆ ಸಿಗುತ್ತದೆ, 1927ರಲ್ಲಿ ಗಾಂಧೀಜಿ ಬಂದಿದ್ದ ಖಾದಿ ಕೇಂದ್ರ. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿ ಸತ್ಯಾಗ್ರಹ ಮಾಡಿದಾಗ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಸರಳ ಬದುಕು, ಸುಸ್ಥಿರ ಬದುಕು ಎಂದು ಮಾತು. ಹೆಂಚು ಕುಸಿದ ಶೆಡ್ಡುಗಳ ಪಕ್ಕದಲ್ಲಿ ಒಬ್ಬ ಅಜ್ಜಿ ಚರಕದ ಮುಂದೆ ಕೂತಿದ್ದರು. ನೂಲು ಕಡಿಯಿತು. ತಿರುಗಿಯೂ ನೋಡದೆ ಎರಡು ಬೆರಳಲ್ಲಿ ಹುರಿ ಕೊಟ್ಟು ಸೇರಿಸಿ, ಮುಂದಕ್ಕೆ ಹೋದರು. ನಮ್ಮಂಥವರು ಫೋಟೋ ತೆಗೆದೆವು. ಹೌದು, ನಾನೂ ತೆಗೆದೆ. ಈಗ ಅಣ್ಣನ ಮಗಳ ಮೇಲೆ ಕೋಪ ಮಾಡಿಕೊಳ್ಳುವ ಹಕ್ಕು ನನಗೆಲ್ಲಿದೆ. ಅದೇ ಪ್ರಸನ್ನ ಎರಡು ವರ್ಷದ ನಂತರ, ಕೈಯಿಂದ ಮಾಡಿದ ವಸ್ತುಗಳಿಗೆ ಜಿಎಸ್‌ಟಿ ಹಾಕಬೇಡಿ ಎಂದು ಉಪವಾಸ ಕೂತರು. ಆಗ ನನಗೆ ಅದು ಸ್ವಲ್ಪ ಒಣ ವಿಷಯ ಅನ್ನಿಸಿತ್ತು. ಚರಕದ ಫೋಟೋ ಚೆನ್ನಾಗಿತ್ತು, ತೆರಿಗೆಯ ಮಾತು ಬೇಜಾರು. ಈಗ ಯೋಚಿಸಿದರೆ ಆ ಅಜ್ಜಿಗೆ ಬೇಕಾಗಿದ್ದು ಯಾವುದು ಎಂದು ಗೊತ್ತಾಗುತ್ತದೆ.

ಯಜಮಾನರ ಮಗ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿ ಮೇಲೆ ಕೆಲಸ ಮಾಡುತ್ತಾನೆ. ಬೆತ್ತ ಕಲಿತಿಲ್ಲ. "ತಿಂಗಳಾದ್ರೆ ಸಂಬಳ, ಪಿಎಫ್ ಐತೆ. ಇದ್ರಲ್ಲಿ ಏನೈತಮ್ಮ" ಅಂದರು. ಅದರಲ್ಲಿ ಹೆಮ್ಮೆ ಇತ್ತೇ ಹೊರತು ನೋವು ಇರಲಿಲ್ಲ. ನಾನು ನೋವು ಹುಡುಕುತ್ತಿದ್ದೆ ಅಂತ ಕಾಣುತ್ತೆ. ಅವರು ಒಂದು ಕುರ್ಚಿಯನ್ನು ಬೆಳಿಗ್ಗೆ ಹಿಡಿದರೆ ಮಾರನೇ ದಿನ ಮಧ್ಯಾಹ್ನಕ್ಕೆ ಕೊಟ್ಟುಬಿಡುತ್ತಾರೆ. ನನಗೆ ಐದು ವಾರ ಹಿಡಿಯಿತು. ನಿಧಾನ ನನ್ನದು. ಅದು ನನ್ನ ಪಿಂಚಣಿಯ ಬಲದಲ್ಲಿ ಬಂದದ್ದು.

ಬಿಚ್ಚಿದ ನಾಲ್ಕು ದಿನ

ಹಾಗಾದರೆ ನನಗೆ ಇದರಲ್ಲಿ ಏನು ಸಿಕ್ಕಿತು? ಸಿಕ್ಕಿದ್ದಂತೂ ನಿಜ, ಅದನ್ನು ಸುಳ್ಳು ಅನ್ನಲಾರೆ. ಐದನೇ ವರಸೆ, ಮೊದಲನೇ ಓರೆ, ನಾಲ್ಕು ದಿನ ಕೂತು ಹಾಕಿದ್ದೆ. ನೋಡಲು ಚೆನ್ನಾಗಿಯೇ ಇತ್ತು. ಯಜಮಾನರು ಒಂದು ಎಳೆಯನ್ನು ಹೀಗೆ ಹಾಗೆ ಎಳೆದರು. "ಜಾರ್ತಾ ಇಲ್ಲ ನೋಡಿ, ಕಚ್ಕೊಳ್ತಿದೆ." ಓರೆ ಎಳೆ ಸರಿಯಾದ ಕಡೆಯಿಂದ ಮೇಲೆ ಕೆಳಗೆ ಹೋಗಿದ್ದರೆ ಜೋಡಿ ಎಳೆಗಳ ಸಂದಿಯಲ್ಲಿ ಸಲೀಸಾಗಿ ಕೂರುತ್ತದೆ. ತಪ್ಪು ಕಡೆಯಿಂದ ಹೋಗಿದ್ದರೆ ಒಂದನ್ನೊಂದು ಉಜ್ಜಿ, ಕೂತಾಗಲೆಲ್ಲ ಸವೆದು, ವರ್ಷದೊಳಗೆ ಹರಿಯುತ್ತದೆ. ನಾನು ಶುರುವಿನಲ್ಲೇ ಮೇಲೆ ಅನ್ನುವ ಕಡೆ ಕೆಳಗೆ ಹೋಗಿದ್ದೆ. ಆ ಒಂದು ತಪ್ಪು ನಾಲ್ಕು ದಿನವೂ ತಪ್ಪದೆ ನಡೆದಿತ್ತು. ಪೂರ್ತಿ ಬಿಚ್ಚಿದೆ.

ಲೆಕ್ಕಪತ್ರದ ಕೆಲಸದಲ್ಲಿ ನಾನು ಇಪ್ಪತ್ತೇಳು ವರ್ಷ ಇದ್ದೆ. ಅಲ್ಲಿ ತಪ್ಪಾದರೆ ಒಂದು ಹೊಂದಾಣಿಕೆ ನಮೂದು ಹಾಕುತ್ತಿದ್ದೆವು. ಮೇಲಿನವರಿಗೆ ಒಂದು ವಿವರಣೆ. ತಿಂಗಳ ಕೊನೆಗೆ ಮುಗಿಯಿತು ಅನ್ನುವಷ್ಟರಲ್ಲಿ ಮುಂದಿನ ತಿಂಗಳು ಶುರು. ಬೆತ್ತಕ್ಕೆ ವಿವರಣೆ ಬೇಡ. ಅದಕ್ಕೆ ನಾನು ಒಳ್ಳೆಯವಳೋ, ದಣಿದಿದ್ದೇನೋ, ಶ್ರದ್ಧೆಯಿತ್ತೋ, ಯಾವುದೂ ಲೆಕ್ಕಕ್ಕಿಲ್ಲ. ಜಾರುತ್ತದೆ, ಇಲ್ಲ ಕಚ್ಚುತ್ತದೆ. ಬಿಚ್ಚುತ್ತಾ ಕೂತ ಆ ಸಂಜೆ ನನಗೆ ಅಳು ಬಂದಿತ್ತು. ಆದರೆ ಎರಡನೇ ಸಲ ಹಾಕುವಾಗ, ಬಕೆಟ್ಟಿನಿಂದ ಎಳೆ ತೆಗೆದು, ಬಟ್ಟೆಯಲ್ಲಿ ಒರೆಸಿ, ಒಂದೇ ಗುಕ್ಕಿಗೆ ಈ ಮೂಲೆಯಿಂದ ಆ ಮೂಲೆಗೆ ಓಡಿಸಿದಾಗ ಅದು ಬೆರಳ ಕೆಳಗೆ ಸುಯ್ ಎಂದು ಜಾರಿತು. ಯಾವ ಎಳೆ, ಎಷ್ಟನೆಯದು ಎಂದು ಎಣಿಸುವುದನ್ನು ಮರೆತಿದ್ದೆ. ಅವತ್ತು ಒಂದೇ ಮಧ್ಯಾಹ್ನದಲ್ಲಿ ಅರ್ಧ ವರಸೆ ಆಯಿತು. ಬೇಗ ಆಯಿತು. ಅವತ್ತೇ ನನಗೆ ನಿಜವಾಗಿ ಖುಷಿಯಾಗಿದ್ದು. ಅಂದು ಯಾರೂ ಫೋಟೋ ತೆಗೆಯಲಿಲ್ಲ.

ಕುರ್ಚಿ ಮುಗಿದದ್ದು ಹೋದ ಶನಿವಾರ. ಅಂಚು ಕಟ್ಟಿ, ಕೆಳಗಿನ ಬೆಣೆಗಳನ್ನು ಬಡಿದು, ಒದ್ದೆ ಬಟ್ಟೆಯಿಂದ ಒರೆಸಿ ಬಿಸಿಲಿಗಿಟ್ಟೆ. ಒಣಗಿದಾಗ ಬೆತ್ತ ಬಿಗಿಯುತ್ತದೆ. ಬೆರಳಲ್ಲಿ ತಟ್ಟಿದರೆ ತಮಟೆಯ ಹಾಗೆ ಸದ್ದು. ಎಡಗಡೆ ಮೂಲೆಯಲ್ಲಿ ಮೂರು ಕಣ್ಣು ಸೊಟ್ಟ ಇವೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತವೆ. ಹರಿದ ಹಳೇ ಬೆತ್ತವನ್ನು ಒಂದು ಕವರಿನಲ್ಲಿ ಹಾಕಿ ಇಟ್ಟಿದ್ದೆ. ಅಪ್ಪ ಅಷ್ಟು ವರ್ಷ ಕೂತದ್ದಲ್ವಾ ಅಂತ. ಹುಡುಕಿದರೆ ಇಲ್ಲ. ಅವ್ವನನ್ನು ಕೇಳಿದೆ. "ಅಂಡೆ ಒಲೆಗೆ ಆಕ್ದೆ. ಚೆನ್ನಾಗುರೀತು" ಅಂದಳು.

ಕುರ್ಚಿಯನ್ನು ನಡುಮನೆಯ ಕಿಟಕಿ ಹತ್ತಿರ ಇಟ್ಟು ಅವಳನ್ನೇ ಮೊದಲು ಕೂರಿಸಿದೆ. ಅವರೆಕಾಯಿ ಮೊರ ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತು ಹಿಂದೆ ಮುಂದೆ ಸರಿದಾಡಿದಳು. ಅಪ್ಪನ ಕುರ್ಚಿಯಲ್ಲಿ ನಡುವೆ ಒಂದು ತಗ್ಗಿತ್ತು. ಅಪ್ಪನದೇ ತಗ್ಗು. ಅದು ಹೋಗುತ್ತದೆ ಎಂದು ಐದು ವಾರದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

"ಬಿಗಿಯಾಯ್ತು ಅಲ್ವಾ ಅವ್ವ?" ಅಂದೆ.

"ಊಂ. ಕೂತ್ ಕೂತ್ ಸರೋಯ್ತದೆ ಬುಡು" ಅಂದು ಅವರೆಕಾಯಿ ಸುಲಿಯತೊಡಗಿದಳು.